ಹನ್ನೊಂದು ಫ್ರಿಜ್ಜುಗಳ ಮನೆ

ಔರಾದದಿಂದ ಚಿಂತಾಕಿಗೆ ಹೋಗುವ ರಸ್ತೆಯಲ್ಲಿ, ಪೆಟ್ರೋಲ್ ಬಂಕ್ ದಾಟಿದ ಮೇಲೆ ಎಡಕ್ಕೆ ಹನ್ನೆರಡು ಮನೆಗಳ ಒಂದು ಗಲ್ಲಿ ಇದೆ. ಅದರಲ್ಲಿ ಹನ್ನೊಂದು ಮನೆಯವರು ಸರ್ಕಾರದ ಕಣ್ಣಿಗೆ ಬಡವರು. ಎಂಥ ಬಡವರೆಂದರೆ, ಭಾಲ್ಕಿಯ ಬಜಾರದಲ್ಲಿ ತೊಗರಿ ವ್ಯಾಪಾರ ಮಾಡುವ ಪ್ರಭಾಕರನಂಥ ಬಡವರು. ಎಲ್ಲರ ಬಳಿಯೂ ಬಿಪಿಎಲ್ ಕಾರ್ಡಿದೆ, ಎಲ್ಲರ ಅಡುಗೆಮನೆಯಲ್ಲೂ ಫ್ರಿಜ್ಜಿದೆ. ಇವೆರಡೂ ಒಂದೇ ಸೂರಿನಡಿ ಇರುವುದನ್ನು ಸರ್ಕಾರ ನೋಡಬಾರದು ಎಂಬ ತಿಳಿವಳಿಕೆಯೂ ಎಲ್ಲರಿಗಿದೆ.

ಹೀಗಾಗಿ ಈ ಗಲ್ಲಿಯಲ್ಲಿ ಒಂದು ಪದ್ಧತಿ ಬೆಳೆದು ಬಂದಿತ್ತು. ಯಾವ ಸರ್ವೆಯೇ ಬರಲಿ, ಜನರ ಲೆಕ್ಕವೋ, ಜಾತಿಯ ಲೆಕ್ಕವೋ, ಸೊಳ್ಳೆಯ ಲೆಕ್ಕವೋ, ಸುದ್ದಿ ಕಿವಿಗೆ ಬಿದ್ದ ಕೂಡಲೇ ಅಮೀರ ಪಾಶಾನ ತಳ್ಳುಗಾಡಿ ಮನೆಮನೆಗೆ ಹೋಗಿ ಫ್ರಿಜ್ಜುಗಳನ್ನು ಹೇರಿಕೊಂಡು ಗಲ್ಲಿಯ ಕೊನೆಯ ಮನೆಗೆ ತಂದಿಳಿಸುತ್ತಿತ್ತು. ಸರ್ವೆಯವರು ಬಂದು ಬರಿದಾದ ಅಡುಗೆಮನೆಗಳನ್ನು ನೋಡಿ ಲೊಚಗುಟ್ಟಿ ಹೋದ ಮೇಲೆ ಅವೆಲ್ಲ ಮತ್ತೆ ತಮ್ಮ ತಮ್ಮ ಮನೆಗೆ ವಾಪಸಾಗುತ್ತಿದ್ದವು.

ಕೊನೆಯ ಮನೆ ನರಸಿಂಗನದು. ಬೀದರ, ಭಾಲ್ಕಿ, ಔರಾದ ಎಂದು ಜೀವಮಾನವಿಡೀ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಪಿಂಚಣಿ ಅಷ್ಟಕ್ಕಷ್ಟೇ. ಆದರೆ ಸರ್ಕಾರಿ ನೌಕರನಾಗಿದ್ದ ಎಂಬ ಒಂದೇ ಕಾರಣಕ್ಕೆ ಅವನ ಕಾರ್ಡು ಎಂದೋ ರದ್ದಾಗಿತ್ತು. ಹೋಗಬೇಕಾದದ್ದು ಮೊದಲೇ ಹೋಗಿದ್ದರಿಂದ ಅವನ ಮನೆಯಲ್ಲಿ ಏನು ಸಿಕ್ಕರೂ ಭಯವಿರಲಿಲ್ಲ. ಹಾಗಾಗಿ ಗಲ್ಲಿಯ ಆಸ್ತಿಗೆಲ್ಲ ಅವನೇ ಕಾವಲು. ಇದರಲ್ಲಿ ನಗಬೇಕಾದ ಸಂಗತಿಯೆಂದರೆ, ಆ ಗಲ್ಲಿಯಲ್ಲಿ ಸ್ವಂತ ಫ್ರಿಜ್ ಇಲ್ಲದ ಮನೆ ಅವನದೊಂದೇ. ಪ್ರತಿ ಬೇಸಿಗೆಗೂ ತರುವ ಮಾತಾಗುತ್ತಿತ್ತು, ಪ್ರತಿ ಬೇಸಿಗೆಗೂ ಮಗಳು ಆಮ್ರಪಾಲಿಯ ನರ್ಸಿಂಗ್ ಕಾಲೇಜಿನ ಫೀಸು ಅಡ್ಡ ಬರುತ್ತಿತ್ತು.

ನಗಬಾರದ ಸಂಗತಿಯೂ ಒಂದಿದೆ. ನರಸಿಂಗನ ಹೆಂಡತಿ ಕೌಸಲ್ಯಾಬಾಯಿಗೆ ಸಕ್ಕರೆ ಕಾಯಿಲೆ. ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಆ ಮದ್ದು ತಂಪಿನಲ್ಲಿರಬೇಕು. ಮೊದಲು ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ ಇಡುತ್ತಿದ್ದಳು. ಒಂದು ಬೇಸಿಗೆ ಆ ಗಡಿಗೆಯೂ ಕೈಕೊಟ್ಟಿತು. ಕೆಟ್ಟ ಮದ್ದನ್ನೇ ಚುಚ್ಚಿಕೊಂಡು ಅಡುಗೆಮನೆಯಲ್ಲಿ ಬಿದ್ದವಳನ್ನು ಬೀದರದ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಅಂದಿನಿಂದ ಮದ್ದು ಇರುವುದು ಪಕ್ಕದ ಮನೆಯ ಲೀಲಾಬಾಯಿಯ ಫ್ರಿಜ್ಜಿನಲ್ಲಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗೆ, ಡಬ್ಬಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಗಂಟು.

ಲೀಲಾಬಾಯಿ ಪ್ರಭಾಕರನ ಹೆಂಡತಿ. ಕೆಟ್ಟವಳಲ್ಲ, ಅದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ಬೆಳಿಗ್ಗೆ ಸಂಜೆ ಕೌಸಲ್ಯಾಬಾಯಿ ಹೊಸ್ತಿಲ ಆಚೆ ನಿಲ್ಲಬೇಕು, ಲೀಲಾಬಾಯಿ ಡಬ್ಬಿ ತಂದು ಕೊಡುತ್ತಾಳೆ, ಚುಚ್ಚಿಕೊಂಡಾದ ಮೇಲೆ ಮತ್ತೆ ಹೊಸ್ತಿಲಲ್ಲೇ ಇಸಿದುಕೊಳ್ಳುತ್ತಾಳೆ. ಕೌಸಲ್ಯಾಬಾಯಿಯ ಮನೆಯ ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಇದ್ದರು. ಅವಳು ಹೊಸ್ತಿಲು ಯಾಕೆ ದಾಟುವಂತಿಲ್ಲ ಎಂಬುದನ್ನು ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯವಿಲ್ಲ. ಸರ್ವೆಯ ದಿನ ಲೀಲಾಬಾಯಿಯ ಫ್ರಿಜ್ ಕೌಸಲ್ಯಾಬಾಯಿಯ ಮನೆಯೊಳಗೆ ಹೋಗಬಹುದಿತ್ತು. ಕೌಸಲ್ಯಾಬಾಯಿ ಮಾತ್ರ ಆ ಫ್ರಿಜ್ಜಿರುವ ಮನೆಯೊಳಗೆ ಬರುವಂತಿರಲಿಲ್ಲ. ವಾಪಸು ಬಂದ ಫ್ರಿಜ್ಜಿಗೆ ಲೀಲಾಬಾಯಿ ಅರಿಶಿನದ ನೀರು ಚಿಮುಕಿಸಿ ಒರೆಸುತ್ತಿದ್ದಳು. ಅದು ಧೂಳಿಗೆ ಎಂದು ಹೇಳುತ್ತಿದ್ದಳು.

ಈ ವರ್ಷ ಮೇ ತಿಂಗಳಲ್ಲಿ ಬಂದ ಸರ್ವೆ ಸರ್ಕಾರದ್ದಲ್ಲ, ಇಡೀ ಪ್ರಪಂಚದ್ದು. ವಿಶ್ವ ಇಂಧನ ಸಮತೋಲನ ಮಂಡಳಿ ಎಂಬುದೊಂದಕ್ಕೆ ಜಗತ್ತಿನಲ್ಲಿ ಯಾರು ಎಷ್ಟು ಕರೆಂಟು ಸುಡುತ್ತಾರೆ, ಎಷ್ಟು ಹೊಗೆ ಬಿಡುತ್ತಾರೆ, ಮುಂದೆ ಎಷ್ಟು ಬೇಡುತ್ತಾರೆ ಎಂದು ತಿಳಿಯಬೇಕಾಗಿತ್ತು. ಎಲ್ಲರನ್ನೂ ಕೇಳುತ್ತಾ ಕೂತರೆ ಅಷ್ಟರಲ್ಲಿ ಭೂಮಿ ಬೆಂದೇ ಹೋದೀತೆಂದು ಜಗತ್ತಿನ ಭಾಗಕ್ಕೊಂದು, ಇಡೀ ದಕ್ಷಿಣ ಏಷ್ಯಾಕ್ಕೆ ಇದೊಂದು ಗಲ್ಲಿ ಆರಿಸಿದರು. ಆರಿಸಿದ್ದು ಕಂಪ್ಯೂಟರು. ಅದರ ಬುದ್ಧಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಬರುವುದು ರೇಶನ್‌ನವರಲ್ಲ, ಇಂಧನದವರು ಎಂದು ಪಂಚಾಯಿತಿಯಿಂದ ಹೇಳಿಕಳಿಸಿದ್ದರು. ಗಲ್ಲಿ ನಂಬಲಿಲ್ಲ.

"ಹೆಸರು ಏನರ ಇರಲಿ, ಬಂದು ನೋಡೋದು ಅಡಿಗಿಮನಿನೇ. ನಾಳೆ ಅದೇ ಕಾಗದ ಫುಡ್ ಆಫೀಸಿಗಿ ಹೋಗ್ತದ," ಎಂದ ಪ್ರಭಾಕರ.

ಅಮೀರ ಪಾಶಾನ ಗಾಡಿ ಬಂತು. ಹನ್ನೊಂದು ಫ್ರಿಜ್ಜುಗಳು ನರಸಿಂಗನ ಮನೆ ಸೇರಿದವು. ಪಡಸಾಲೆಯಲ್ಲಿ ಆರು, ಅಡುಗೆಮನೆಯಲ್ಲಿ ಮೂರು, ಬುದ್ಧನ ಫೋಟೋದ ಕೆಳಗೆ ಎರಡು. ಈ ಸಲ ಸೆಖೆ ವಿಪರೀತವಿದ್ದುದರಿಂದ ಗಲ್ಲಿಯ ಕೂಲರುಗಳೂ ಬಂದು ಕೂತವು.

"ಕೌಸಲ್ಯಾಬಾಯಿ, ನಂದು ಬಂದ್ ಮಾಡಬ್ಯಾಡ್ರಿ, ಒಳಗ ಶ್ರೀಖಂಡ ಅದ," ಎಂದಳು ಲೀಲಾಬಾಯಿ ಹೊರಗಿನಿಂದಲೇ.

ಒಬ್ಬರದನ್ನು ಹಾಕಿ ಇನ್ನೊಬ್ಬರದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ. ಉಳಿದವರಿಗೂ ಹಾಲಿತ್ತು, ಮಾವಿನ ರಸವಿತ್ತು. ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಬಳ್ಳಿಯಂತೆ ಎಳೆದು ನರಸಿಂಗ ಎಲ್ಲವನ್ನೂ ಚಾಲೂ ಮಾಡಿದ. ಹೊರಗೆ ಗೋಡೆಯ ಮೇಲಿನ ಮೀಟರಿನ ಕೆಂಪು ದೀಪ ಪಟಪಟ ಕಣ್ಣು ಹೊಡೆಯತೊಡಗಿತು.

ನಿಜ ಹೇಳಬೇಕೆಂದರೆ ಕೌಸಲ್ಯಾಬಾಯಿಗೆ ಸರ್ವೆಯ ದಿನ ಹಬ್ಬ. ಆ ದಿನ ಅವಳು ಯಾರ ಹೊಸ್ತಿಲಲ್ಲೂ ನಿಲ್ಲಬೇಕಾಗಿರಲಿಲ್ಲ. ಲೀಲಾಬಾಯಿಯ ಫ್ರಿಜ್ಜಿನ ಬಾಗಿಲನ್ನು ತನ್ನ ಕೈಯಾರೆ ತೆರೆದು, ಗಂಟು ಬಿಚ್ಚಿ, ತನ್ನ ಮದ್ದನ್ನು ತಾನೇ ತೆಗೆದುಕೊಂಡಳು. ಆಮೇಲೆ ಬೇಕಾಗಿರದಿದ್ದರೂ ಇನ್ನೊಂದು ಸಲ ಬಾಗಿಲು ತೆರೆದು ಆ ತಂಪನ್ನು ಮುಖಕ್ಕೆ ಹಿಡಿದುಕೊಂಡು ನಿಂತಳು.

ಸರ್ವೆಗೆ ಬಂದವನು ತುಷಾರ, ಬೀದರದ ಹುಡುಗ, ಮಂಡಳಿಯ ಗುತ್ತಿಗೆ ನೌಕರ. ಕೈಯಲ್ಲಿ ಟ್ಯಾಬ್, ತಲೆಗೆ ಒದ್ದೆ ಟವೆಲ್ಲು. ಮೊದಲು ಲೀಲಾಬಾಯಿಯ ಮನೆಗೆ ಹೋದ.

"ನಮ್ಮ ಮನ್ಯಾಗ ಏನದರಿ? ಕರೆಂಟ್ ಬಂದ್ರ ಒಂದು ಬಲ್ಬು, ಹೋದ್ರ ಅದೂ ಇಲ್ಲ."

ಅಡುಗೆಮನೆಯ ಮೂಲೆಯಲ್ಲಿ ನೆಲ ಚೌಕಾಕಾರವಾಗಿ ಬೆಳ್ಳಗಿತ್ತು. ಮೇಲೆ ಗೋಡೆಯಲ್ಲಿ ದಪ್ಪ ಪಿನ್ನಿನ ಪ್ಲಗ್ಗು.

"ಇಲ್ಲೇನಿತ್ರಿ, ಮಾವಶಿ?"

"ಅಲ್ಲಿ ಜೋಳದ ಕಣಜ ಇತ್ತಪ್ಪಾ."

ಜೋಳದ ಕಣಜಕ್ಕೆ ಪ್ಲಗ್ಗು ಯಾಕೆ ಎಂದು ಕೇಳಲು ಟ್ಯಾಬಿನಲ್ಲಿ ಜಾಗವಿರಲಿಲ್ಲ. ತುಷಾರ ಸೊನ್ನೆ ಒತ್ತಿದ. ಹನ್ನೊಂದು ಮನೆಗೂ ಸೊನ್ನೆ ಒತ್ತಿ, ಬಡತನ ಕಂಡು ಕಣ್ಣು ಒದ್ದೆಯಾಗಿ, ಹನ್ನೆರಡನೆಯ ಮನೆಯ ಬಾಗಿಲು ತಳ್ಳಿದ. ಒಳಗಿನಿಂದ ಬೀಸಿದ ತಣ್ಣನೆ ಗಾಳಿಗೆ ಅವನು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ಸುತ್ತ ನೋಡಿದ.

"ಇವೆಲ್ಲಾ ನಿಮ್ಮವೇನ್ರಿ, ಕಾಕಾ?"

ನರಸಿಂಗ ಬಾಗಿಲ ಕಡೆ ನೋಡಿದ. ಗಲ್ಲಿಯ ಹೆಂಗಸರೆಲ್ಲ ಅಂಗಳದಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರು. ತನ್ನನ್ನು ನಂಬಿ ಹತ್ತಿದವರನ್ನು ನಡುದಾರಿಯಲ್ಲಿ ಇಳಿಸಿದ ಡ್ರೈವರ್ ಅವನಾಗಿರಲಿಲ್ಲ.

"ಮನ್ಯಾಗ ಅವ ಅಂದ್ಮ್ಯಾಲ ನಮ್ಮವೇ ಅಲ್ರೀ?"

"ಇಷ್ಟು ಯಾಕ್ರಿ?"

ಟ್ಯಾಬಿನಲ್ಲಿ ಕಾರಣ ಕೇಳಿತ್ತು. ವ್ಯಾಪಾರ, ಅಗತ್ಯ, ಐಷಾರಾಮ. ನರಸಿಂಗ ಒಂದು ಫ್ರಿಜ್ಜಿನ ಮೇಲಿನ ಧೂಳು ಒರೆಸತೊಡಗಿದ್ದನ್ನು ಕಂಡು ತುಷಾರ ಐಷಾರಾಮ ಒತ್ತಿದ. ಮೀಟರಿನ ಫೋಟೋ ತೆಗೆದುಕೊಂಡ. ಹೋಗುವಾಗ ಒಂದು ಲೋಟ ತಣ್ಣೀರು ಕೇಳಿ ಕುಡಿದ.

ಆಮೇಲೆ ಆ ಹನ್ನೆರಡು ಮನೆಗಳು ಎಲ್ಲೋ ದೂರದ ದೇಶದ ಕಂಪ್ಯೂಟರಿಗೆ ಹೋದವು. ಕಂಪ್ಯೂಟರು ಅವನ್ನು ದಕ್ಷಿಣ ಏಷ್ಯಾದಷ್ಟು ಹಿಗ್ಗಿಸಿತು. ಮಂಡಳಿಯವರು ಆ ಹೊತ್ತಿಗೆ ದೊಡ್ಡ ಇಕ್ಕಟ್ಟಿನಲ್ಲಿದ್ದರು. ಅವರ ಗ್ರಾಫಿನ ಗೆರೆಗಳಲ್ಲಿ ಬಿಸಿಲಿನ ಕರೆಂಟು ಏರುತ್ತಿತ್ತು, ಗಾಳಿಯ ಕರೆಂಟು ಏರುತ್ತಿತ್ತು, ಅದರ ಮಗ್ಗುಲಲ್ಲೇ ಕಲ್ಲಿದ್ದಲೂ ಏರುತ್ತಿತ್ತು. ಹೊಗೆ ಇಳಿಯಲೊಲ್ಲದು. ಇದಕ್ಕೆ ಕಾರಣ ಯಾರೆಂದು ಬರೆಯಬೇಕು. ದೊಡ್ಡ ದೇಶಗಳ ಹೆಸರು ಬರೆದರೆ ಅವು ಮಂಡಳಿಗೆ ಕೊಡುವ ಚಂದಾ ನಿಲ್ಲಿಸುತ್ತವೆ, ತೈಲ ಕಂಪನಿಗಳ ಹೆಸರು ಬರೆದರೆ ಊಟದ ಖರ್ಚು ಕೊಡುವವರಿರುವುದಿಲ್ಲ. ಅಂಥ ಹೊತ್ತಿನಲ್ಲಿ ಅವರಿಗೆ ನರಸಿಂಗ ಸಿಕ್ಕಿದ.

ವರದಿ ಹೊರಬಿತ್ತು. ದಕ್ಷಿಣ ಏಷ್ಯಾದ ಸಾಮಾನ್ಯ ಕುಟುಂಬಗಳು ಬಹುತೇಕ ಕರೆಂಟನ್ನೇ ಬಳಸುವುದಿಲ್ಲ, ಅವರ ಬದುಕು ಜಗತ್ತಿಗೇ ಮಾದರಿ. ಬೇಡಿಕೆಯ ಹೆಚ್ಚಳಕ್ಕೆಲ್ಲ ಕಾರಣವಾಗಿರುವುದು ಒಂದು ಸಣ್ಣ ಐಷಾರಾಮಿ ವರ್ಗ. ಅದು, ಸಿಕ್ಕ ಮಾಹಿತಿಯ ಪ್ರಕಾರ, ನಿವೃತ್ತ ಬಸ್ ಚಾಲಕರ ವರ್ಗ.

ಟಿವಿಯಲ್ಲಿ ಚರ್ಚೆಯಾಯಿತು. ನಿವೃತ್ತ ಬಸ್ ಚಾಲಕರನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ ಎಂದು ಕೋಟು ಹಾಕಿಕೊಂಡ ನಾಲ್ವರು ಕಿತ್ತಾಡಿದರು. ಔರಾದದ ಚಹಾದಂಗಡಿಯಲ್ಲಿ ನರಸಿಂಗ ಬಂದರೆ ಸಾಕು, "ಆಯಿಯೇ, ಧುವಾಂ ಸಾಬ್! ಬರ್ರಿ, ಹೊಗಿ ಸಾಹೇಬ್ರ!" ಎಂದು ಬೆಂಚಿನಲ್ಲಿ ಜಾಗ ಬಿಡತೊಡಗಿದರು. ಭಾಲ್ಕಿಯಲ್ಲಿದ್ದ ಅವನ ಷಡ್ಡಕ ಫೋನ್ ಮಾಡಿ, ಹನ್ನೊಂದರಲ್ಲಿ ಒಂದನ್ನು ತನಗೆ ಕಳಿಸಿದರೆ ಏನು ಕಡಿಮೆಯಾಗುತ್ತದೆ ಎಂದು ಜಗಳವಾಡಿದ. ನರಸಿಂಗ ನಗಲು ಪ್ರಯತ್ನಿಸಿ, ಕೆಲವು ದಿನಗಳ ನಂತರ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಕೌಸಲ್ಯಾಬಾಯಿ ಎಂದಿನಂತೆ ಹೊಸ್ತಿಲಾಚೆ ನಿಂತಿದ್ದಳು. ಲೀಲಾಬಾಯಿ ತನ್ನ ಫ್ರಿಜ್ ತೆರೆದು, ಡಬ್ಬಿ ತೆಗೆದು, ತಂದು ಕೈಗಿಡುತ್ತ ಬಹಳ ಕಳಕಳಿಯಿಂದ ಹೇಳಿದಳು:

"ಪೇಪರ್‌ದಾಗ ಬಂದದ ನೋಡ್ರಿ ಕೌಸಲ್ಯಾಬಾಯಿ, ನಿಮ್ಮ ಮನಿಯಿಂದ ಬಿಸಲ ಹೆಚ್ಚಾಗ್ಯದಂತ. ಸ್ವಲ್ಪ ಕಮ್ಮಿ ಮಾಡ್ಕೋರಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಅಚ್ಚಾದದ್ದನ್ನು ಅವಳು ನಂಬುತ್ತಿದ್ದಳು. ಕೌಸಲ್ಯಾಬಾಯಿ ಅಂದು ಸಿಟ್ಟಿನಲ್ಲಿ ಸೂಜಿಯನ್ನು ಎಂದಿಗಿಂತ ಜೋರಾಗಿ ಚುಚ್ಚಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಮಾದರಿ ಕುಟುಂಬಗಳಿಗೆ ಮಂಡಳಿಯಿಂದ ಮನೆಗೊಂದು ಸೌರ ಫ್ರಿಜ್ ಉಚಿತ. ದೆಹಲಿಯಿಂದ ಮಂಡಳಿಯ ಅಧಿಕಾರಿ ವೃಂದಾ ಮೇಡಂ ಖುದ್ದಾಗಿ ಬಂದು, ಮನೆಗಳನ್ನು ಕಣ್ಣಾರೆ ಕಂಡು ಹಂಚುತ್ತಾರೆ. ಐಷಾರಾಮಿ ಮನೆಯವರಿಂದ ಬಳಕೆ ಇಳಿಸುವ ಪ್ರತಿಜ್ಞೆ ಮಾಡಿಸುತ್ತಾರೆ.

"ಆಯ್ತಲ್ಲ," ಎಂದು ಕೌಸಲ್ಯಾಬಾಯಿ ಗಂಡನಿಗೆ ಹೇಳಿದಳು. "ಫ್ರಿಜ್ ಇದ್ದವ್ರಿಗಿ ಫ್ರಿಜ್ಜು, ಇಲ್ಲದವ್ರಿಗಿ ಪ್ರತಿಜ್ಞಾ."

"ಏನ್ ಮಾಡಾಕಾಗ್ತದ? ಖರೇ ಹೇಳಿದ್ರ ಎಲ್ಲಾರ ಕಾರ್ಡು ಹೋಗ್ತಾವ."

"ಹೋಗ್ಲಿ ಅನ್ನಲ್ಲ ನಾನು. ಹನ್ನೆರಡನೇದು ಒಂದು ನನಗೂ ಕೊಡ್ರಿ ಅಂತ ಕೇಳ್ತೇನಿ. ಬಾಯಿ ಬಿಟ್ಟು ಕೇಳ್ತೇನಿ."

ಹಂಚುವ ದಿನ ಅಮೀರ ಪಾಶಾ ಬೆಳಗಿನಿಂದಲೇ ಗಾಡಿ ಹೊಡೆದ. ಹನ್ನೊಂದೂ ಮತ್ತೆ ಬಂದು ಕೂತವು. ಗಲ್ಲಿಗೆ ಶಾಮಿಯಾನ ಹಾಕಿದರು. ಕಾರುಗಳು ಸಾಲಾಗಿ ಬಂದು ನಿಂತವು. ಒಳಗೆ ತಂಪು ಆರಬಾರದೆಂದು ಡ್ರೈವರುಗಳು ಎಂಜಿನ್ ಬಂದ್ ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಹೊಗೆ ಇಳಿಸುವ ಭಾಷಣಕ್ಕೆ ಡೀಸೆಲ್ ಜನರೇಟರ್ ತರಿಸಿದರು. ಅದು ಶಾಮಿಯಾನದೊಳಕ್ಕೇ ಕರಿ ಹೊಗೆ ಉಗುಳಿದ್ದರಿಂದ ವೃಂದಾ ಮೇಡಂ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ ಸ್ವಚ್ಛ ಗಾಳಿಯ ಬಗ್ಗೆ ಮಾತಾಡಿದರು.

ಹನ್ನೊಂದು ಕುಟುಂಬಗಳು ಒಬ್ಬೊಬ್ಬರಾಗಿ ವೇದಿಕೆಗೆ ಹೋಗಿ ಹೊಸ ಫ್ರಿಜ್ಜಿನ ಪಕ್ಕ ನಿಂತು ಫೋಟೋ ಹೊಡೆಸಿಕೊಂಡವು. ಪ್ರಭಾಕರ ಆ ದಿನಕ್ಕೆಂದೇ ಹರಿದ ಅಂಗಿ ಹುಡುಕಿ ಹಾಕಿಕೊಂಡಿದ್ದ. ಕೊನೆಗೆ ನರಸಿಂಗನನ್ನು ಕರೆದರು. ಅವನು ಕೈ ಮುಂದೆ ಚಾಚಿ, ಹೇಳಿಕೊಟ್ಟಂತೆ, ಭೂಮಿಯ ಒಳಿತಿಗಾಗಿ ನನ್ನ ದುರಾಸೆಯನ್ನು ತ್ಯಜಿಸುತ್ತೇನೆ ಎಂದ. ಜನ ಚಪ್ಪಾಳೆ ತಟ್ಟಿದರು. ಅವನ ಕುತ್ತಿಗೆ ಬಗ್ಗಿದ್ದನ್ನು ನೋಡಿ ಕೌಸಲ್ಯಾಬಾಯಿ ಎದ್ದು ವೇದಿಕೆಯ ಬಳಿ ಬಂದಳು.

"ಮೇಡಂ ಅವರ, ನನಗೂ ಒಂದು ಬೇಕ್ರಿ. ಸಕ್ರಿ ಬ್ಯಾನಿ ಅದ ನನಗ, ಸೂಜಿಮದ್ದು ಇಡಾಕ ಫ್ರಿಜ್ ಇಲ್ಲ."

ವೃಂದಾ ಮೇಡಂ ಮೃದುವಾಗಿ ನಕ್ಕರು. "ಅಮ್ಮ, ನಿಮ್ಮ ಮನೆಯಲ್ಲಿ ಹನ್ನೊಂದಿವೆಯಲ್ಲ. ನಾನೇ ಈಗ ನೋಡಿ ಬಂದೆ."

"ಅವು ನನ್ನವಲ್ರಿ."

"ಮತ್ತೆ ಯಾರವು?"

ಕೌಸಲ್ಯಾಬಾಯಿ ತಿರುಗಿ ಗಲ್ಲಿಯ ಕಡೆ ನೋಡಿದಳು. "ನೀವೇ ಹೇಳ್ರಿ. ಯಾರವು? ಲೀಲಾಬಾಯಿ, ಹೇಳ್ರಿ."

ಲೀಲಾಬಾಯಿ ಸೆರಗಿನ ಅಂಚು ಸರಿಮಾಡಿಕೊಂಡಳು. ಉಳಿದವರು ತಮ್ಮ ತಮ್ಮ ಹೊಸ ಫ್ರಿಜ್ಜಿನ ಪ್ಲಾಸ್ಟಿಕ್ ಹೊದಿಕೆ ನೋಡುತ್ತ ನಿಂತರು. ಪ್ರಭಾಕರ ಒಂದು ಹೆಜ್ಜೆ ಮುಂದೆ ಬಂದ.

"ಅವ್ರವೇರಿ, ಮೇಡಂ. ಅವ್ರಿಗಿ ಮೊದಲಿಂದನೂ ಅದರ ಷೋಕ್ ಅದ. ಬುದ್ಧಿ ಹೇಳಿ ಹೇಳಿ ಸಾಕಾಗ್ಯದ ನಮಗ."

ಕೌಸಲ್ಯಾಬಾಯಿ ಅವನ ಮುಖ ನೋಡಿದಳು, ಲೀಲಾಬಾಯಿಯ ಮುಖ ನೋಡಿದಳು.

"ಹೌದೇನ್ರಿ? ಎಲ್ಲಾರೂ ಹಂಗೇ ಅಂತೀರೇನು?"

ಕೆಲವರು ಹೌದೆಂದು ತಲೆಯಾಡಿಸಿದರು. ತುಷಾರ ಅದನ್ನು ವಿಡಿಯೋ ಮಾಡಿಕೊಂಡ, ಅವನ ಕೆಲಸವೇ ಅದು.

"ಆಯ್ತು. ನೀವೆಲ್ಲಾ ಅಂದ ಮ್ಯಾಲ ಆಯ್ತು," ಎಂದು ಕೌಸಲ್ಯಾಬಾಯಿ ಮನೆ ಕಡೆ ನಡೆದಳು.

ಸಂಜೆ ಕಾರುಗಳು ಹೋದವು. ಅಮೀರ ಪಾಶಾ ಗಾಡಿ ತಂದು ನೋಡಿದರೆ ಕೊನೆಯ ಮನೆಗೆ ಬೀಗ. ಕೌಸಲ್ಯಾಬಾಯಿ ಕಟ್ಟೆಯ ಮೇಲೆ ಕೂತಿದ್ದಳು, ಕೀಲಿ ಸೊಂಟದಲ್ಲಿತ್ತು. ಪಕ್ಕದಲ್ಲಿ ನರಸಿಂಗ ನಿಂತಿದ್ದ. ಗಲ್ಲಿಯೆಲ್ಲ ಬಂದು ನೆರೆಯಿತು.

"ಬಾಗಲಾ ತಗೀರಿ, ಫ್ರಿಜ್ ಒಯ್ಯಬೇಕು," ಎಂದ ಪ್ರಭಾಕರ.

"ಯಾವ ಫ್ರಿಜ್ರಿ?"

"ಯಾವ ಫ್ರಿಜ್ ಅಂದ್ರ? ನಮ್ಮವು!"

"ಇಷ್ಟೊತ್ತನ ನನ್ನವಿದ್ದುವಲ್ರಿ. ನನಗ ಷೋಕ್ ಅದ ಅಂತ ನೀವೇ ಹೇಳೀರಿ."

ಅಮೀರ ಪಾಶಾ ಗಾಡಿಯ ಹಿಡಿ ಬಿಟ್ಟು ಅದರ ಮೇಲೆಯೇ ಕೂತುಬಿಟ್ಟ. "ಖರೇ ಅದ ಸೇಠ್. ಮೇಡಂ ಮುಂದ ಎಲ್ಲಾರೂ ಹೌದಂದೀರಿ. ಈಗ ಬ್ಯಾರೆಯವ್ರ ಮಾಲಿಗಿ ನಾ ಹ್ಯಾಂಗ ಕೈ ಹಚ್ಚಲಿ?"

ಪ್ರಭಾಕರ ಕೂಗಾಡಿದ. ಪೊಲೀಸ್ ಠಾಣೆಗೆ ಹೋಗುತ್ತೇನೆ ಎಂದ. ಹೋಗುವವನಂತೆ ಚಪ್ಪಲಿ ಮೆಟ್ಟಿ ಗಲ್ಲಿಯ ತುದಿಯವರೆಗೆ ನಡೆದ. ಅಲ್ಲಿ ನಿಂತು, ಫಿರ್ಯಾದಿಯಲ್ಲಿ ಏನು ಬರೆಸಬೇಕೆಂದು ಯೋಚಿಸಿ, ವಾಪಸು ಬಂದ.

"ಕೊಟ್ಟುಬಿಡು, ಮಗ್ಗಲಾ ಮನಿಯವ್ರು," ಎಂದು ನರಸಿಂಗ ಮೆಲ್ಲಗೆ ಹೇಳಿದ.

"ಕೊಡ್ತೇನಿ. ಎಲ್ಲಾರ ಮನ್ಯಾಗೂ ಹೊಸಾದು ಬಂದದ. ಆದ್ರೂ ಹತ್ತು ಕೊಡ್ತೇನಿ. ಲೀಲಾಬಾಯಿಯವ್ರದು ಇಲ್ಲೇ ಇರ್ತದ."

"ನಂದೇ ಯಾಕ್ರಿ?" ಎಂದಳು ಲೀಲಾಬಾಯಿ.

"ನನ್ನ ಮದ್ದು ಅದರಾಗ ಅದ. ಅದಕ್ಕ ಆ ಜಾಗಾ ರೂಢಿ ಆಗ್ಯದ."

ಉಳಿದ ಹತ್ತು ಮನೆಯವರಿಗೆ ತಮ್ಮದು ಸಿಕ್ಕರೆ ಸಾಕಾಗಿತ್ತು. ಅವರು ಇದೇ ಸರಿಯಾದ ನ್ಯಾಯವೆಂದು ಒಪ್ಪಿ, ಜಲ್ದಿ ಜಲ್ದಿ ಗಾಡಿಗೆ ಕೈಹಾಕಿದರು. ದೀಪ ಹಚ್ಚುವುದರೊಳಗೆ ನರಸಿಂಗನ ಪಡಸಾಲೆ ಖಾಲಿಯಾಯಿತು. ಅಡುಗೆಮನೆಯಲ್ಲಿ ಒಂದು ಫ್ರಿಜ್ ಉಳಿಯಿತು. ಕೌಸಲ್ಯಾಬಾಯಿ ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಚೀಲ ತೆಗೆದು ಒಲೆಗೆ ಹಾಕಿದಳು. ಪ್ಲಾಸ್ಟಿಕ್ ಸುಟ್ಟ ಆ ಹೊಗೆಯಷ್ಟು ಮಾತ್ರ ಈ ಮನೆಯದೇ ಎಂದು ಮಂಡಳಿಯವರು ಬೇಕಾದರೆ ಬರೆದುಕೊಳ್ಳಲಿ.

ಸೌರ ಫ್ರಿಜ್ಜು ಲೀಲಾಬಾಯಿಯ ಮನೆಯ ಬೆಳ್ಳಗಿನ ಚೌಕದ ಮೇಲೆ ಕೂತಿತು. ಅದಕ್ಕೆ ಬೇಕಾದ ಸೌರ ಫಲಕ ಮತ್ತು ಬ್ಯಾಟರಿ ಎರಡನೆಯ ಹಂತದಲ್ಲಿ ಬರುತ್ತವೆ ಎಂದು ಹಾಳೆಯಲ್ಲಿ ಅಚ್ಚಾಗಿತ್ತು. ಎರಡನೆಯ ಹಂತ ಯಾವಾಗ ಎಂದು ಅಚ್ಚಾಗಿರಲಿಲ್ಲ. ಇಂಥದೇ ಸೌರ ಫ್ರಿಜ್ಜುಗಳಲ್ಲಿ ಆಚೀಚೆ ಮನೆಯವರು ಹಪ್ಪಳ, ಹಾಸಿಗೆ ಹೊದಿಕೆ ತುಂಬಿದರು. ಲೀಲಾಬಾಯಿ ಹಾಲು ತುಂಬಿದಳು. ಒಂದೇ ರಾತ್ರಿಯಲ್ಲಿ ಹಾಲು ಒಡೆಯಿತು. ಅವಳ ಹಳೆಯ ಫ್ರಿಜ್ಜಿನಲ್ಲಿ ಮುಂಚೆಯೇ ಇಟ್ಟಿದ್ದ ಇನ್ನೊಂದು ಪಾತ್ರೆ ಹಾಲು, ಮೊಸರು, ಮೊಮ್ಮಗನಿಗೆಂದು ಮಾಡಿದ ಶ್ರೀಖಂಡ ಎಲ್ಲ ತಣ್ಣಗೆ ಪಕ್ಕದ ಮನೆಯಲ್ಲಿದ್ದವು.

ಬೆಳಿಗ್ಗೆ ಮೊಮ್ಮಗ ಹಾಲಿಗೆ ಅಳತೊಡಗಿದ. ಪ್ರಭಾಕರ ಆಗಲೇ ಭಾಲ್ಕಿಯ ಬಸ್ಸು ಹಿಡಿದಿದ್ದ. ಲೀಲಾಬಾಯಿ ಬಹಳ ಹೊತ್ತು ಅಂಗಳದಲ್ಲಿ ಸುಳಿದಾಡಿ, ಕೊನೆಗೆ ಬಂದು ಕೌಸಲ್ಯಾಬಾಯಿಯ ಹೊಸ್ತಿಲಾಚೆ ನಿಂತಳು.

"ಕೌಸಲ್ಯಾಬಾಯಿ, ಹಾಲಿನ ಬೋಗುಣಿ ಒಂದಿಷ್ಟು ಕೊಡ್ತೀರೇನ್ರಿ?"

ಕೌಸಲ್ಯಾಬಾಯಿ ಆಗಷ್ಟೇ ಸೂಜಿ ಚುಚ್ಚಿಕೊಂಡು ಡಬ್ಬಿ ಒಳಗಿಡುತ್ತಿದ್ದಳು. ತಿರುಗಿ ನೋಡಿದಳು. ಇಂಥದೊಂದು ದಿನಕ್ಕೆಂದು ಎಷ್ಟೋ ಮಾತುಗಳನ್ನು ಅವಳು ಎಷ್ಟೋ ಬೆಳಿಗ್ಗೆ ಮನಸ್ಸಿನಲ್ಲೇ ಜೋಡಿಸಿ ಇಟ್ಟಿದ್ದಳು. ಎದುರಿಗೆ ನಿಂತ ಮುಖ ನೋಡಿ ಅವುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅಲ್ಲಿ ಯಾಕ ನಿಂತೀರಿ? ನಮ್ಮ ಮನ್ಯಾಗ ಬಾಗಲದಾಗ ನಿಂದ್ರಸೋ ಪದ್ಧತಿ ಇಲ್ಲ. ಒಳಗ ಬರ್ರಿ, ವೈನಿ. ನಿಮ್ಮ ಕೈಲೆ ನೀವೇ ತಗೋರಿ."

ಅಷ್ಟು ಹೇಳಿ ಅವಳು ಫ್ರಿಜ್ಜಿನ ಬಾಗಿಲನ್ನು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು ನಿಂತಳು. ಹಾಲು ಅಲ್ಲೇ ಕಾಣುತ್ತಿತ್ತು, ಅದರ ಮಗ್ಗುಲಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಮೊಮ್ಮಗನ ಅಳು ಗಲ್ಲಿಯ ತುಂಬ ಕೇಳುತ್ತಿತ್ತು. ಲೀಲಾಬಾಯಿ ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದಳು. ಹತ್ತೂ ಮನೆಯ ಬಾಗಿಲಲ್ಲಿ ಹೆಂಗಸರು ನಿಂತಿದ್ದರು.

ಒಳಗಿನ ತಂಪೆಲ್ಲ ಹೊರಗೆ ಹರಿದುಹೋಗುತ್ತಿತ್ತು, ಮೋಟರು ಗುಂಯ್ ಎಂದು ಶುರುವಾಯಿತು. ಕರೆಂಟು ಸುಮ್ಮನೆ ಉರಿಯುತ್ತಿದೆಯೆಂದು ಕೌಸಲ್ಯಾಬಾಯಿಗೆ ಗೊತ್ತಿತ್ತು. ಆದರೂ ಅವಳು ಬಾಗಿಲು ಮುಚ್ಚಲಿಲ್ಲ.

ಲೀಲಾಬಾಯಿ ಚಪ್ಪಲಿ ಬಿಟ್ಟಳು.